ಕೊಟ್ರಿಯ ಗಡಿಯಾರದಲ್ಲಿ ನಿಂತ ನಿಮಿಷ

ವಿಜಯದಶಮಿಯ ಬೆಳಿಗ್ಗೆ ಕೊಟ್ರಿ ತನ್ನ ಗಡಿಯಾರದ ಪ್ಲಗ್ ಹಾಕಿದಾಗ ಸೆಕೆಂಡುಗಳು ಚೆನ್ನಾಗಿಯೇ ಓಡಿದವು. ಐವತ್ತೆಂಟು, ಐವತ್ತೊಂಬತ್ತು, ಸೊನ್ನೆ. ನಿಮಿಷ ಮಾತ್ರ ಕದಲಲಿಲ್ಲ. ಇನ್ನೊಂದು ಸುತ್ತು ಕಾದೆವು. ಸೆಕೆಂಡು ಮತ್ತೆ ಓಡಿ ಬಂದು ನಿಮಿಷದ ಬಾಗಿಲು ಬಡಿಯಿತು, ಒಳಗೆ ಯಾರೂ ಏಳಲಿಲ್ಲ. ಕೊಟ್ರಿ ನಿಮಿಷ ಕೂಡಿಸುವ ಗುಂಡಿಯನ್ನು ಒತ್ತಿ ಒತ್ತಿ ನೋಡಿದಳು. ಎರಡು ಸೊನ್ನೆಗಳು ಕೆಂಪಗೆ ಹಾಗೇ ಉರಿಯುತ್ತಿದ್ದವು.

"ನಿನ್ನಿ ಪೂಜಿಗೆ ಇಡೋತನಕ ಓಡಿತ್ತಲ್ಲ," ಎಂದಳು ಕೊಟ್ರಿ. ಅವಳ ದನಿ ಸಣ್ಣಗಾಗಿತ್ತು.

ಆಗ ಇಂದಿರಾಬಾಯಿ ಅಜ್ಜಿ ಗಡಿಯಾರ ಬಿಟ್ಟು ನನ್ನನ್ನು ನೋಡಿದರು. ಪ್ರಾಣೇಶಣ್ಣ ನೋಡಿದರು. ಕೊಟ್ರಿಯೂ ನೋಡಿದಳು. ನಾನು ನನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿದೆ. ಗೋಡೆ ಇತ್ತು.

ನಾನು ಸೌಂದರ್ಯ, ಊರು ಸಿರುಗುಪ್ಪ. ಬಳ್ಳಾರಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದೆ. ಕೊಟ್ರಿ ಅಂದರೆ ಕೊಟ್ರಬಸಮ್ಮ, ಕೆಂಚನಗುಡ್ಡದವಳು, ನನ್ನದೇ ಕ್ಲಾಸು, ನನ್ನದೇ ಕೋಣೆ. ಸತ್ಯನಾರಾಯಣಪೇಟೆಯಲ್ಲಿ ಇಂದಿರಾಬಾಯಿ ಅಜ್ಜಿಯ ಮನೆಯ ಮಹಡಿ ಮೇಲೆ ನಾವು ಮೂವರು ಹುಡುಗಿಯರು ಬಾಡಿಗೆಗಿದ್ದೆವು. ಮೂರನೆಯವಳು ಕುರುಗೋಡಿನ ಗಂಗೋತ್ರಿ, ನಮಗೆ ಗಂಗಕ್ಕ. ಆಕೆ ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಳು. ಸರ್ಕಾರ ಆಕೆಯನ್ನು ಇನ್ನೂ ಪೊಲೀಸ್ ಮಾಡಿರಲಿಲ್ಲ, ನಮ್ಮ ಓಣಿ ಆಗಲೇ ಮಾಡಿತ್ತು. ಕಳೆದ ಸಿಲಿಂಡರ್, ಓಡಿಹೋದ ಮೇಕೆ, ಯಾರೋ ಬದಲಾಯಿಸಿದ ಚಪ್ಪಲಿ, ಏನೇ ಇರಲಿ ಜನ ಮಹಡಿ ಹತ್ತುತ್ತಿದ್ದರು. ಅಕ್ಕ ಬಿಡಿಸುತ್ತಿದ್ದಳು, ನಾನು ಫೋನಿನಲ್ಲಿ ಬರೆದಿಡುತ್ತಿದ್ದೆ. ಕೆಳಗೆ ಅಜ್ಜಿ ಮತ್ತು ಅವರ ಮಗ ಪ್ರಾಣೇಶಣ್ಣ. ಅವರದು ಟೀವಿ ರಿಪೇರಿ ಅಂಗಡಿ. ಆ ದಸರಾಕ್ಕೆ ಅಜ್ಜ ಮಂತ್ರಾಲಯಕ್ಕೆ ಹೋಗಿದ್ದರು, ಸೊಸೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಮನೆಯಲ್ಲಿ ನಾವು ಐದೇ ಜನ.

ಇನ್ನು ನನ್ನ ಹೊಟ್ಟೆಕಿಚ್ಚಿನ ವಿಷಯ. ಅದನ್ನು ಮುಚ್ಚಿಡುವ ಪ್ರಶ್ನೆಯೇ ಇರಲಿಲ್ಲ, ಓಣಿಗೆಲ್ಲ ಗೊತ್ತಿತ್ತು. ಡಿಜಿಟಲ್ ಗಡಿಯಾರ ನಮ್ಮಿಬ್ಬರ ಪ್ರಾಜೆಕ್ಟೂ ಹೌದು. ನಾನು ಚಿಪ್ಪನ್ನು ಹಿಂದುಮುಂದಾಗಿ ಕೂರಿಸಿ ಕರೆಂಟು ಕೊಟ್ಟೆ. ನನ್ನ ಗಡಿಯಾರ ಒಂದು ಸಲ ಹೊಗೆ ಬಿಟ್ಟು ಕಣ್ಣು ಮುಚ್ಚಿತು. ಕೊಟ್ರಿ ಮಾತ್ರ ಒಂದೊಂದೇ ಬಿಡಿಭಾಗ ಹುಡುಕಿ ತಂದು, ಪ್ರತಿ ಅಂಕಿಗೂ ಒಂದೊಂದು ಎಣಿಸುವ ಚಿಪ್ಪು ಇಟ್ಟು, ಹಳೆಯ ಸೆಟ್‌ಟಾಪ್ ಬಾಕ್ಸಿನ ಡಬ್ಬಿಯೊಳಗೆ ಎಲ್ಲವನ್ನೂ ಕೂರಿಸಿದ್ದಳು. ಒಂದು ಚಿಪ್ಪು ತನ್ನ ಸುತ್ತು ಎಣಿಸಿ ಮುಗಿಸಿದರೆ ಪಕ್ಕದ ಚಿಪ್ಪಿಗೆ ಒಂದು ತಟ್ಟು ಕೊಡುತ್ತದೆ, ಅದು ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಷ್ಟೇ ಗಡಿಯಾರ. ಅಷ್ಟೇ ನನ್ನಿಂದ ಆಗಲಿಲ್ಲ. ಅದರ ಕೆಂಪು ಅಂಕಿ ನೋಡಿದಾಗಲೆಲ್ಲ ನನ್ನ ಹೊಟ್ಟೆಯೊಳಗೆ ಯಾರೋ ಹಸಿಮೆಣಸಿನಕಾಯಿ ಅರೆಯುತ್ತಿದ್ದರು.

ಆಯುಧ ಪೂಜೆಯ ದಿನ ಅಜ್ಜಿ ಪಡಸಾಲೆಯಲ್ಲಿ ಮಣೆ ಹಾಕಿ ಎಲ್ಲವನ್ನೂ ಸಾಲಾಗಿ ಇಡಿಸಿದರು. ಮಿಕ್ಸಿ, ಹೊಲಿಗೆ ಮಿಷನ್ನು, ಗಂಗಕ್ಕನ ಓದುವ ಪುಸ್ತಕ, ಕೊಟ್ರಿಯ ಬೆಸುಗೆ ಕಡ್ಡಿ, ಅವಳ ಸಣ್ಣ ಸ್ಕ್ರೂಡ್ರೈವರು, ಮಧ್ಯದಲ್ಲಿ ಗಡಿಯಾರ. ಪ್ರಾಣೇಶಣ್ಣನ ಸಾಮಾನೆಲ್ಲ ಅಂಗಡಿಯಲ್ಲೇ ಪೂಜೆಯಾಗಿ ಬೀಗ ಬಿದ್ದಿತ್ತು. ಕೊನೆಗೆ ಅಜ್ಜಿ ನಮ್ಮ ಫೋನುಗಳನ್ನೂ ಕೇಳಿದರು.

"ಫೋನ್ ಯಾಕ್ರಿ ಅಜ್ಜಿ?" ಎಂದೆ.

"ನಿನ್ನ ಆಯುಧ ಅದ ಅಲ್ಲೇನು? ಒಂದಿನ ವಿಶ್ರಾಂತಿ ತಗೊಳ್ಳಲಿ ಪಾಪ. ನಾಳೆ ನಾನು ಪೂಜಿ ಕದಲಿಸೋತನಕ ಯಾರೂ ಮುಟ್ಟಬ್ಯಾಡ್ರಿ."

ಅಜ್ಜಿ ತಮ್ಮ ಬಟ್ಟಲಿನಿಂದ ಒಂದೊಂದಕ್ಕೂ ಅರಿಶಿನ ಹಚ್ಚಿ, ಅದರ ಮೇಲೆ ಕುಂಕುಮ ಇಟ್ಟರು. ಪ್ರಾಣೇಶಣ್ಣ ಆರತಿ ಎತ್ತಿದರು. ಆಮೇಲೆ ಅಜ್ಜಿ ಗಡಿಯಾರವನ್ನು ನೋಡುತ್ತ ನಿಂತು, "ನಾಳಿಂದ ಇದು ನಮ್ಮ ಪಡಸಾಲ್ಯಾಗ ಇರಲಿ ಕೊಟ್ರವ್ವ. ಏನು ಬೆರಳು ನಿನ್ನವು. ನಮ್ಮ ಪ್ರಾಣೇಶಂದೂ ಒಂದಿತ್ತು, ಅದು ತನಗ ತಿಳಿದಷ್ಟು ಟೈಮ್ ತೋರಿಸ್ತಿತ್ತು," ಎಂದರು. ಎಲ್ಲರೂ ನಕ್ಕರು, ಪ್ರಾಣೇಶಣ್ಣನೂ ನಕ್ಕರು. ನಾನು ನಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೊಟ್ರಿಗೆ ಎಲ್ಲರೆದುರೇ ಹೇಳಿದೆ: "ನಿನ್ನ ಗಡಿಯಾರ ನಿಂತ ಹೋಗ್ಲಿ ಲೇ, ಆವಾಗ ನಾನು ಹೊಟ್ಟಿತುಂಬ ಉಣ್ತೀನಿ."

ಬೆಳಗಾಗುವಷ್ಟರಲ್ಲಿ ಅದು ನಿಂತಿತ್ತು.

"ಇಕಿನ ಮಾಡ್ಯಾಳ," ಎಂದರು ಅಜ್ಜಿ. "ನಸುಕಿನಾಗ ಪಡಸಾಲ್ಯಾಗಿಂದ ಬೆಕ್ಕಿನಂಗ ಹೋಗೋದನ್ನ ನನ್ನ ಕಣ್ಣಿಂದ ನೋಡೀನಿ."

"ಫೋನ್ ತಗೊಳ್ಳಾಕ ಬಂದಿದ್ದೆ ಅಜ್ಜಿ. ತಡಿಯಾಕ ಆಗಲಿಲ್ಲ."

"ಪೂಜಿಗಿಟ್ಟಿದ್ದನ್ನ ಮುಟ್ಟಿದಾಕಿ ಇನ್ನೊಂದನ್ನ ಮುಟ್ಟೂದಿಲ್ಲೇನು?"

"ಬಿಡಮ್ಮ, ಹುಡುಗರು," ಎಂದರು ಪ್ರಾಣೇಶಣ್ಣ. ಅವರ ದನಿ ಮೆತ್ತಗಿತ್ತು. "ಕೊಟ್ರಿ, ಇಲ್ಲಿ ಕೊಡವ್ವ. ಏನಾಗೇತಂತ ನಾನು ನೋಡ್ತೀನಿ."

"ಬ್ಯಾಡಣ್ಣ. ನಾ ಮಾಡಿದ್ದು, ನಾನ ನೋಡ್ಕಂತೀನಿ," ಎಂದು ಕೊಟ್ರಿ ಡಬ್ಬಿಯನ್ನು ಎದೆಗೆ ಅವುಚಿಕೊಂಡಳು. ನನ್ನ ಕಡೆ ನೋಡದೆ ಕೇಳಿದಳು, "ಯಾಕಲೇ ಸೌಂದರ್ಯ?"

ಅಜ್ಜಿ ಆಗಲೇ ನಮ್ಮಪ್ಪನಿಗೆ ಫೋನ್ ಹಚ್ಚಿದ್ದರು. ಸಂಜೆಗೆ ಬಂದು ಮಗಳನ್ನು, ಮಗಳ ಟ್ರಂಕನ್ನು ಕರೆದುಕೊಂಡು ಹೋಗಿರಿ ಎಂದರು. ನಮ್ಮಪ್ಪನನ್ನು ನಾನು ಬಲ್ಲೆ. ಬಳ್ಳಾರಿಗೆ ಕಳಿಸುವುದಕ್ಕೇ ಒಂದು ಬೇಸಿಗೆ ಪೂರ್ತಿ ಯೋಚಿಸಿದ ಮನುಷ್ಯ. ಕದ್ದು ಕೆಡಿಸಿದವಳು ಎಂಬ ಮಾತು ಕಿವಿಗೆ ಬಿದ್ದರೆ ಸಿರುಗುಪ್ಪದಿಂದ ನಾನು ಮತ್ತೆ ಬಸ್ಸು ಹತ್ತುವ ಹಾಗಿರಲಿಲ್ಲ. ಓದು ಅಲ್ಲಿಗೇ ಮುಗಿದಂತೆ.

ನಾನು ಒಂದೇ ಉಸಿರಿಗೆ ಮಹಡಿ ಹತ್ತಿದೆ.

ಗಂಗಕ್ಕ ಕಟ್ಟೆಯ ಮೇಲೆ ಕೂತು ಕೋಟೆಗುಡ್ಡದ ಕಡೆ ಮುಖ ಮಾಡಿ ಶೇಂಗಾ ಸುಲಿಯುತ್ತಿದ್ದಳು. ನಾನು ಅತ್ತು ಅತ್ತು ಹೇಳಿದೆ. ಆಕೆ ಪೂರ್ತಿ ಕೇಳಿ, "ನೀ ಮಾಡೀಯೇನು?" ಎಂದಳು.

"ಅಕ್ಕ, ನೀನೂ ಹಂಗ ಕೇಳ್ತೀಯಾ?"

"ಕೇಳಬೇಕಲ್ಲ."

"ಇಲ್ಲ."

"ಸರಿ ಲೇ," ಎಂದು ಸಿಪ್ಪೆ ಕೊಡವಿ ಎದ್ದಳು. "ನೀನಲ್ಲ ಅಂತ ನನಗೆ ಗೊತ್ತು" ಎಂಬ ಒಂದು ಮಾತಿಗೆ ನಾನು ಕಾದೆ. ಬರಲಿಲ್ಲ. ಕೊಟ್ರಿ ಹೀಗೆ ಅಳುತ್ತ ಬಂದಿದ್ದರೆ ಹೇಳುತ್ತಿದ್ದಳೇನೋ ಅನ್ನಿಸಿ, ಅಷ್ಟು ಕಷ್ಟದಲ್ಲೂ ನನ್ನ ಹೊಟ್ಟೆ ಉರಿಯಿತು.

ಬೆಳಿಗ್ಗೆಯೇ ಅಜ್ಜಿ ಪೂಜೆ ಕದಲಿಸಿದ್ದರೂ, ಗಡಿಯಾರ ಮತ್ತು ಫೋನುಗಳನ್ನು ಬಿಟ್ಟರೆ ಪಡಸಾಲೆಯಲ್ಲಿ ಸಾಲು ಇನ್ನೂ ಹಾಗೇ ಇತ್ತು. ಅಕ್ಕ ಬಗ್ಗಿ ಒಂದೊಂದನ್ನೇ ನೋಡುತ್ತ ಬಂದು ಸ್ಕ್ರೂಡ್ರೈವರಿನ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಅದನ್ನು ಎತ್ತಿ ಮೂಸಿದಳು. ಆಮೇಲೆ ನನ್ನ ಮೂಗಿನ ಹತ್ತಿರ ಹಿಡಿದಳು.

"ಏನು ವಾಸನಿ?"

"ಮೈಸೋಪಿಂದು," ಎಂದೆ. ಅದರ ಹಿಡಿಯ ಮೇಲೆ ತೆಳ್ಳಗೆ ಒಣಗಿದ ಹಳದಿ ಬೊಟ್ಟು ಇತ್ತು. ಅಕ್ಕ ಅದನ್ನು ಇದ್ದಲ್ಲೇ ಇಟ್ಟಳು. "ಫೋನ್ ತಗೊಂಡಾಗ ಏನು ಮಾಡಿದಿ? ಸುಮ್ನ ಹೋಗೋ ಹುಡುಗಿ ಅಲ್ಲ ನೀನು."

"ಒಂದು ಫೋಟೋ ಹೊಡೆದೆ. ಗಡಿಯಾರದ್ದು." ಹೂವಿನ ಮಧ್ಯೆ ಅದು ಮದುಮಗಳ ಹಾಗೆ ಕೂತಿತ್ತು, ನೋಡಿ ಸಂಕಟವಾಗಿತ್ತು, ಅದಕ್ಕೇ ಹೊಡೆದಿದ್ದೆ. ಅಕ್ಕ ಫೋಟೋವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದಳು.

"ಆವಾಗ ಮನಿಯಾಗ ಯಾರರ ಎದ್ದಿದ್ರೇನು?"

"ಬಚ್ಚಲದಾಗ ನೀರಿನ ಸಪ್ಪಳ ಕೇಳ್ತಿತ್ತು. ಪ್ರಾಣೇಶಣ್ಣ ಇರಬೇಕು. ದಿನಾ ಅವರ ಮೊದಲು."

ಅಷ್ಟರಲ್ಲಿ ಅಜ್ಜಿ ಅಡುಗೆಮನೆಯಿಂದಲೇ ಕೇಳಿದರು, "ಏನಂತಾಳ ನಿನ್ನ ಶಿಷ್ಯೆ?"

"ಏನಿಲ್ಲ ಅಜ್ಜಿ, ಬಿಸಿನೀರು ಸಿಗಲಿಲ್ಲಂತ ಅಳಾಕ ಹತ್ಯಾಳ."

ಅಕ್ಕನಿಗೆ ಅದು ಹೇಗೆ ಗೊತ್ತಾಯಿತೋ. ಹಬ್ಬದ ದಿನ ನಾನು ತಣ್ಣೀರೇ ಸುರಿದುಕೊಂಡಿದ್ದೆ. ಬಹುಶಃ ಬಚ್ಚಲಿನಿಂದ ಗೊಣಗುತ್ತ ಬಂದದ್ದನ್ನು ಕೇಳಿಸಿಕೊಂಡಿದ್ದಳು.

"ಎಲ್ಲಿಂದ ಸಿಗ್ತದ," ಎಂದರು ಅಜ್ಜಿ. "ಹಂಡೆ ನೀರೆಲ್ಲ ಪ್ರಾಣೇಶನ ಸುರಕೊಂಡ. ಒಮ್ಮೆ ಆದದ್ದು ಸಾಲದಂಗ ಮತ್ತೊಮ್ಮೆ ಸ್ನಾನ. ಪೂಜಿ ತಡಾ ಆಗಿ ನೈವೇದ್ಯನೂ ತಡಾ."

"ಗಂಧ ತೇಯೋದೂ ಅವರ ಏನ್ರಿ? ನೀವಲ್ಲೇನು?"

"ನನ್ನ ಮೊಣಕಾಲು ಹಿಡಿದಾಗಿಂದ ಸಾಣೆಕಲ್ಲಿನ ಮುಂದ ಕೂತೇ ಇಲ್ಲವಾ. ಅಪ್ಪ ಇಲ್ಲದಾಗ ಮಗಂದ ಎಲ್ಲಾ."

ಅಕ್ಕ ಪಡಸಾಲೆಯ ಗೋಡೆಯ ಹತ್ತಿರ ಹೋಗಿ ನಿಂತಳು. ಅಲ್ಲಿ ಒಂದು ಮೊಳೆ, ಅದರ ಕೆಳಗೆ ಸುತ್ತಲಿನ ಬಣ್ಣಕ್ಕಿಂತ ತಿಳಿಯಾದ ಒಂದು ಉದ್ದನೆಯ ಚೌಕ. ಬಹಳ ವರ್ಷ ಏನೋ ತೂಗುಹಾಕಿ ಈಚೆಗೆ ತೆಗೆದಂತೆ; ಏನಿತ್ತೆಂದು ನಾನು ಯಾವತ್ತೂ ಗಮನಿಸಿರಲಿಲ್ಲ. ಅದರ ಮೇಲೆ ಅಂಗೈ ಆಡಿಸಿದಳು. ಆಮೇಲೆ ಕೊಟ್ರಿಯನ್ನು ಕರೆದು, ಪಕ್ಕದ ಮನೆಯಿಂದ ತರಿಸಿದ ಬೇರೆ ಸ್ಕ್ರೂಡ್ರೈವರು ಕೊಟ್ಟು, "ಈಗ ಡಬ್ಬಿ ಬಿಚ್ಚು. ಏನಾಗೇತಿ ನೀನ ಹುಡುಕು. ಸಿಕ್ಕಮ್ಯಾಲ ಸರಿ ಮಾಡಬ್ಯಾಡ, ನನಗಷ್ಟ ಹೇಳು," ಎಂದಳು.

ಕೊಟ್ರಿ ಮೀಟರಿನ ಕಡ್ಡಿ ಹಿಡಿದು ಮಧ್ಯಾಹ್ನದವರೆಗೆ ಹುಡುಕಿದಳು. ಕೊನೆಗೆ ನಿಮಿಷದ ಚಿಪ್ಪನ್ನು ಅದರ ಗೂಡಿನಿಂದ ಮೆಲ್ಲಗೆ ಎಬ್ಬಿಸಿ ಮೇಲೆತ್ತಿದಳು. ಎಲ್ಲ ಕಾಲುಗಳೂ ನೆಟ್ಟಗಿದ್ದವು, ಒಂದನ್ನು ಬಿಟ್ಟು. ಸೆಕೆಂಡಿನಿಂದ ತಟ್ಟು ತೆಗೆದುಕೊಳ್ಳುವ ಕಾಲು ಚಿಪ್ಪಿನ ಹೊಟ್ಟೆಯ ಕೆಳಗೆ ಅಚ್ಚುಕಟ್ಟಾಗಿ ಮಡಚಿಕೊಂಡಿತ್ತು. ಮೇಲಿನಿಂದ ನೋಡಿದರೆ ಎಲ್ಲವೂ ಸರಿ ಇದ್ದ ಹಾಗೇ ಕಾಣುತ್ತಿತ್ತು.

"ತಾನ ಮಡಚಿಕೊಳ್ಳಾಕ ಬರೂದಿಲ್ಲ," ಎಂದಳು ಕೊಟ್ರಿ. "ನಾ ಕುಂದರಿಸಿದಾಗ ನೆಟ್ಟಗಿತ್ತು."

ಸಂಜೆ ಬನ್ನಿ ಕೊಡುವ ಹೊತ್ತು. ಅಜ್ಜಿ ತಟ್ಟೆಯಲ್ಲಿ ಬನ್ನಿ ಎಲೆ ಇಟ್ಟುಕೊಂಡು ಪಡಸಾಲೆಯಲ್ಲಿ ಕೂತಿದ್ದರು. ನನ್ನ ಟ್ರಂಕು ಬಾಗಿಲ ಹತ್ತಿರ ಇತ್ತು. ನಮ್ಮಪ್ಪ ಬಸ್ಸಿಳಿದಿದ್ದೇನೆ ಎಂದು ಫೋನ್ ಮಾಡಿಯಾಗಿತ್ತು. ಗಂಗಕ್ಕ ಎಲ್ಲರನ್ನೂ ಕೂರಿಸಿ, ಗಡಿಯಾರವನ್ನು ನಡುವೆ ಇಟ್ಟಳು.

"ಅಜ್ಜಿ, ಬನ್ನಿ ಕೊಡೋಕಿಂತ ಮೊದಲು ಒಂದು ಮಾತು. ಹೊಟ್ಟೆಕಿಚ್ಚು ಇರೋರು ಈ ಗಡಿಯಾರ ಕೆಡಿಸಬೇಕಂದ್ರ ಏನು ಮಾಡ್ತಿದ್ರು?"

"ಒಡೀತಿದ್ರು," ಎಂದರು ಅಜ್ಜಿ.

"ಒಡೀತಿದ್ರು, ನೀರು ಸುರೀತಿದ್ರು, ವಯರ್ ಕತ್ತರಿಸ್ತಿದ್ರು. ಇಲ್ಲಿ ಒಂದ ಒಂದು ಕಾಲು ಮಡಚ್ಯಾರ. ಗೊತ್ತಿದ್ದೋರು ಉಗುರಿನಿಂದ ನೆಟ್ಟಗ ಮಾಡಿದ್ರ ಮತ್ತ ಓಡ್ತದ. ಅಂದ್ರ ಕೆಡಿಸಿದೋರಿಗೆ ಅದು ಕೆಟ್ಟಿರಬೇಕು ಅಂತ ಇರಲಿಲ್ಲ. ರಿಪೇರಿ ಆಗಬೇಕು ಅಂತ ಇತ್ತು."

ಅಕ್ಕ ನನ್ನ ಕಡೆ ತಿರುಗಿದಳು. "ಇನ್ನ ಇಕಿ. ಚಿಪ್ ಯಾವ ಕಡಿ ಮುಖ ಮಾಡಿ ಕೂಡ್ತದಂತ ಇಕಿಗೆ ಇವತ್ತಿಗೂ ಗೊತ್ತಿಲ್ಲ."

ಕೊಟ್ರಿ ತುಟಿ ಕಚ್ಚಿಕೊಂಡಳು. ನಗು ಬರುತ್ತಿತ್ತು ಅವಳಿಗೆ.

"ಆದ್ರ ಗೊತ್ತಿಲ್ಲದಂಗ ನಟಿಸಬಹುದು," ಎಂದಳು ಅಕ್ಕ. "ಅದಕ್ಕ ಮಧ್ಯಾಹ್ನದತನಕ ಇಕಿ ಮ್ಯಾಲೂ ನನಗ ಅನುಮಾನ ಇತ್ತು."

"ಅಕ್ಕ," ಎಂದೆ.

"ಸುಮ್ಕಿರು, ನಿನ್ನ ಪರವಾಗೇ ಬರಾಕ ಹತ್ತೀನಿ." ಆಕೆ ಸ್ಕ್ರೂಡ್ರೈವರು ಎತ್ತಿದಳು. "ಡಬ್ಬಿ ಬಿಚ್ಚಬೇಕಂದ್ರ ಇದು ಬೇಕು. ಮನಿಯಾಗ ಬ್ಯಾರೆ ಇಲ್ಲ, ಅಂಗಡಿ ಸಾಮಾನಿಗೆ ಬೀಗ ಬಿದ್ದೈತಿ. ನಿನ್ನಿ ಅಜ್ಜಿ ಎಲ್ಲಾದಕ್ಕೂ ಅರಿಶಿನದ ಮ್ಯಾಲ ಕುಂಕುಮ ಇಟ್ರು. ನಸುಕಿನಾಗ ಸೌಂದರ್ಯ ಹೊಡೆದ ಫೋಟೋದಾಗ ಇದಕ್ಕೂ ಕುಂಕುಮ ಐತಿ, ನೋಡ್ರಿ. ಈಗ ಕುಂಕುಮ ಇಲ್ಲ, ಹಳದಿ ಬೊಟ್ಟು ಐತಿ. ಬೊಟ್ಟು ಅರಿಶಿನದ್ದಲ್ಲ. ಮೂಸಿ ನೋಡ್ರಿ."

ಅಜ್ಜಿ ಮೂಸಿದರು. ಅವರ ಕೈ ನಿಧಾನವಾಗಿ ಕೆಳಗಿಳಿಯಿತು.

"ಗಂಧ," ಎಂದರು.

"ಹೌದ್ರಿ. ತಿರುವಿದಾಗ ಕುಂಕುಮ ಅಳಿಸಿ ಹೋತು. ನಾನಾಗಿದ್ರ ಅಥವಾ ಈ ಹುಡುಗಿ ಆಗಿದ್ರ ಹಂಗ ಇಟ್ಟು ಓಡಿ ಹೋಗ್ತಿದ್ವಿ. ಆದ್ರ ಇದನ್ನ ಹಿಡಿದೋರಿಗೆ ಪೂಜಿಗಿಟ್ಟ ಆಯುಧ ಬರೀ ಹಣಿ ಇಟ್ಕಂಡು ಕೂತದ್ದನ್ನ ನೋಡಾಕ ಆಗಲಿಲ್ಲ. ಬೆರಳಿಗೆ ಆಗಷ್ಟ ತೇಯ್ದ ಗಂಧ ಇತ್ತು. ಒಂದು ಬೊಟ್ಟು ಇಟ್ರು. ದೇವರ ಕೋಣಿಯೊಳಗ ನಾವು ಹುಡುಗ್ಯಾರು ಹೋಗಂಗಿಲ್ಲ. ಅಜ್ಜಿ ಸಾಣೆಕಲ್ಲಿಗೆ ಕೂಡಂಗಿಲ್ಲ."

ಅಕ್ಕ ಪ್ರಾಣೇಶಣ್ಣನನ್ನು ನೋಡಲೇ ಇಲ್ಲ. ಗಡಿಯಾರವನ್ನೇ ನೋಡುತ್ತ ಮುಂದುವರಿಸಿದಳು.

"ಮಡಿಯಾಗಿದ್ದೋರು ಇದನ್ನೆಲ್ಲ ಮುಟ್ಟಿದ್ರ ಮಡಿ ಕೆಡ್ತದ. ಹಂಗ ದೇವರ ಮುಂದ ಹೋಗಾಕ ಬರೂದಿಲ್ಲ. ಮತ್ತ ಸ್ನಾನ ಮಾಡಬೇಕು. ಅದಕ್ಕ ಇವತ್ತು ಹಂಡೆ ಖಾಲಿ."

ಪ್ರಾಣೇಶಣ್ಣ ತಲೆ ತಗ್ಗಿಸಿ ಕೂತಿದ್ದರು. ಕಿವಿಗಳು ಕೆಂಪಾಗಿದ್ದವು.

"ಯಾಕಪ್ಪ?" ಎಂದರು ಅಜ್ಜಿ. "ಆ ಹುಡುಗಿ ನಿನಗೇನು ಮಾಡಿತ್ತು?"

"ಅವಳಲ್ಲ ಅಜ್ಜಿ," ಎಂದು ಅಕ್ಕ ಗೋಡೆಯ ಚೌಕ ತೋರಿಸಿದಳು. "ಅಲ್ಲಿ ಏನಿತ್ತು?"

ಉತ್ತರ ಕೊಟ್ಟವರು ಪ್ರಾಣೇಶಣ್ಣ.

"ನನ್ನ ಗಡಿಯಾರ. ಐಟಿಐ ಓದೋವಾಗ ಮಾಡಿದ್ದು. ಹೋದ ವಾರ ಅಮ್ಮ ಇಳಿಸಿ ಅಟ್ಟಕ್ಕ ಹಾಕಿದ್ಲು, ಕೊಟ್ರಿದು ಹಾಕಾಕ ಜಾಗ ಬೇಕಂತ. ನನ್ನ ಕೇಳಲಿಲ್ಲ." ಗೋಡೆಯ ಮೊಳೆಯನ್ನೊಮ್ಮೆ ನೋಡಿದರು. "ನಸುಕಿನಾಗ ಗಂಧ ತೇಯ್ತಾ ಇದ್ದೆ. ನಿನ್ನಿ ಎಲ್ಲರೂ ನಕ್ಕದ್ದ ಕಿವಿಯಾಗಿತ್ತು. ಎದ್ದು ಬಂದುಬಿಟ್ಟೆ. ಕೆಟ್ಟದ ಅಂದ್ರ ನನ್ನ ಕೈಗೆ ಕೊಡ್ತಾಳ, ಎಲ್ಲರ ಮುಂದ ಒಂದು ಕ್ಷಣದಾಗ ಓಡಸ್ತೀನಿ, ಅಮ್ಮ ನೋಡ್ಲಿ ಅಂತ. ಅಷ್ಟ. ಕೊಟ್ರಿ ಕೊಡಲಿಲ್ಲ."

"ನನಗೇನು ಗೊತ್ತಣ್ಣ," ಎಂದಳು ಕೊಟ್ರಿ.

"ಕಾಲು ಮಡಚಿದ್ದಕ್ಕ ನಾನು ಏನೂ ಅನ್ನಂಗಿಲ್ಲ," ಎಂದಳು ಗಂಗಕ್ಕ. ಈಗ ಮೊದಲ ಸಲ ಅವರ ಮುಖ ನೋಡಿದಳು. "ಬೆಳಿಗ್ಗಿಯಿಂದ ಈ ಹುಡುಗಿ ಟ್ರಂಕು ಕಟ್ಟೋದನ್ನ ನೋಡ್ಕಂತ ಕೂತ್ರಿ. ಅದಕ್ಕ ಅಂತೀನಿ."

ಹೊರಗೆ ಆಟೋ ನಿಂತ ಸಪ್ಪಳವಾಯಿತು. ನಮ್ಮಪ್ಪ ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತ. ಟ್ರಂಕು ನೋಡಿದ, ನನ್ನನ್ನು ನೋಡಿದ. "ಏನು ಮಾಡೀಯವಾ?" ಎಂದ. ಬೈಗುಳವಾಗಿದ್ದರೆ ತಡೆಯಬಹುದಿತ್ತು. ಅದು ಬೈಗುಳವಾಗಿರಲಿಲ್ಲ.

ನಾನು ಬಾಯಿ ತೆರೆಯುವ ಮೊದಲು ಪ್ರಾಣೇಶಣ್ಣ ಎದ್ದರು. ಅಜ್ಜಿಯ ತಟ್ಟೆಯಿಂದ ಒಂದು ಎಸಳು ಬನ್ನಿ ತೆಗೆದುಕೊಂಡು ನನ್ನ ಮುಂದೆ ಬಂದು ನಿಂತರು. ನಮ್ಮ ಕಡೆ ಕಿರಿಯರು ಹಿರಿಯರಿಗೆ ಬನ್ನಿ ಕೊಟ್ಟು ಕಾಲಿಗೆ ಬೀಳುವುದು ಪದ್ಧತಿ. ಹಿರಿಯರು ಮೊದಲಾಗಿ ಬಂದು ಕೊಟ್ಟದ್ದನ್ನು ನಾನು ನೋಡಿರಲಿಲ್ಲ. ಅಜ್ಜಿಯೂ ನೋಡಿರಲಿಕ್ಕಿಲ್ಲ.

"ಬನ್ನಿ ತಗೊಂಡು ಬಂಗಾರದಂಗ ಇರವ್ವ," ಎಂದರು ಪ್ರಾಣೇಶಣ್ಣ. ಹಾಗೇ ನಮ್ಮಪ್ಪನ ಕಡೆ ತಿರುಗಿದರು. "ಯಜಮಾನ್ರ, ನಿಮ್ಮ ಮಗಳು ಏನೂ ಮಾಡಿಲ್ಲ. ಕೆಡಿಸಿದೋನು ನಾನು. ಬೆಳಿಗ್ಗಿಯಿಂದ ಹೇಳಲಿಲ್ಲ, ಅದೂ ನನ್ನ ತಪ್ಪ."

ನಮ್ಮಪ್ಪನಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. "ಹಂಗಾರ ಟ್ರಂಕು?" ಎಂದ.

"ಮ್ಯಾಲ ಹೋಗ್ತದ," ಎಂದರು ಅಜ್ಜಿ. "ನೀವು ಕೈಕಾಲು ತೊಳೀರಿ, ಹೋಳಿಗಿ ಮಾಡೀನಿ." ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟು, "ಕಣ್ಣು ಫೋನ್ ತಗೊಂಡದ್ದನ್ನಷ್ಟ ನೋಡಿತ್ತವ್ವ, ಬಾಯಿ ಉಳಿದದ್ದನ್ನ ಸೇರಿಸ್ತು," ಎಂದರು. ಅಷ್ಟು ಹೇಳಿ ಮಗನಿಗೆ ಅಟ್ಟದ ಏಣಿ ತರಲು ಹೇಳಿದರು.

ಅಪ್ಪ ಹೋಳಿಗೆ ತಿಂದು, ಬರುವಾಗ ತಂದ ಬಾಡಿದ ಮೋರೆಯನ್ನು ಅಲ್ಲೇ ಬಿಟ್ಟು, ಒಬ್ಬನೇ ಸಿರುಗುಪ್ಪದ ಬಸ್ಸಿಗೆ ಹೋದ.

ನಾನು ಬಾಗಿಲಿನಿಂದ ಒಳಗೆ ಬಂದಾಗ ಕೊಟ್ರಿಯ ಗಡಿಯಾರದಲ್ಲಿ ನಿಮಿಷ ಓಡುತ್ತಿತ್ತು. ಪಕ್ಕದಲ್ಲಿ ಪ್ರಾಣೇಶಣ್ಣನ ಹಳೆಯ ಗಡಿಯಾರ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಅವರು ಮತ್ತು ಕೊಟ್ರಿ ಅದರ ಮೇಲೆ ತಲೆಗೆ ತಲೆ ತಾಗುವಂತೆ ಬಗ್ಗಿದ್ದರು. ಅಜ್ಜಿ ಟಾರ್ಚು ಹಿಡಿದಿದ್ದರು. ಗಂಗಕ್ಕ ಕೂಡ ಬಗ್ಗಿ, "ಇದ್ಯಾಕ ಹಿಂಗ ಐತಿ ಕೊಟ್ರಿ?" ಎಂದು ಕೇಳುತ್ತಿದ್ದಳು. ನನ್ನನ್ನು ಯಾವತ್ತೂ ಅವಳು ಹಾಗೆ ಏನೂ ಕೇಳಿದ್ದಿಲ್ಲ.

ನಾನು ಬನ್ನಿ ತಟ್ಟೆ ಎತ್ತಿಕೊಂಡೆ. ಅಜ್ಜಿಗೆ ಕೊಟ್ಟೆ, ಪ್ರಾಣೇಶಣ್ಣನಿಗೆ ಕೊಟ್ಟು ಕಾಲಿಗೆ ಬಿದ್ದೆ, ಗಂಗಕ್ಕನಿಗೆ ಎರಡು ಎಸಳು ಕೊಟ್ಟೆ. ಕೊಟ್ರಿಗೂ ಕೊಟ್ಟೆ. ತಟ್ಟೆಯಲ್ಲೆಲ್ಲ ಹುಡುಕಿ, ಎಲ್ಲಕ್ಕಿಂತ ಸಣ್ಣ ಎಲೆಯನ್ನು ಆರಿಸಿ ಕೊಟ್ಟೆ.